ನಾಲ್ಕು ತಗಡು, ಒಂದು ಲೂಪ್

ಪಾರ್ಸೆಲ್ ಬಿಚ್ಚಿದವನು ಚಿತ್ರ ನೋಡುವ ಮೊದಲು ಅಂಚು ಸವರಿ ನೋಡಿದೆ. ಮೂವತ್ತೊಂದು ವರ್ಷ ಬೆಂಗಳೂರಿನ ಸುಲ್ತಾನ್‌ಪೇಟೆಯ ಆಫ್‌ಸೆಟ್ ಪ್ರೆಸ್ಸೊಂದರಲ್ಲಿ ಅಚ್ಚಿನ ಪ್ಲೇಟ್ ಮಾಡಿದ ಬೆರಳುಗಳಿವು. ಅಲ್ಯೂಮಿನಿಯಂ ತಗಡು ಎಲ್ಲಿ ಕೊಯ್ಯುತ್ತದೆ ಎಂಬುದು ಕಣ್ಣಿಗಿಂತ ಮೊದಲು ಅವಕ್ಕೆ ತಿಳಿಯುತ್ತದೆ. ಬಂದದ್ದು ತಗಡಿನ ಮೇಲೆ ಅಚ್ಚು ಹಾಕಿದ ನಾಲ್ಕು ಹಳೆಯ ಚಿತ್ರಗಳು. ಅವುಗಳಲ್ಲಿ ಮೂರು, ಅಂಚು ಉಜ್ಜಿ ನುಣುಪು ಮಾಡಿದ ಒಂಟಿ ತಗಡುಗಳು. ನಾಲ್ಕನೆಯದರ ಅಂಚಿನಲ್ಲಿ ಒಂದು ಬೆಳ್ಳಿಗೆರೆ, ಒಂದು ಕರಿಗೆರೆ, ಮತ್ತೊಂದು ಬೆಳ್ಳಿಗೆರೆ ಇತ್ತು, ಕ್ರೀಮ್ ಬಿಸ್ಕತ್ತಿನ ಹಾಗೆ. ಆ ಬಿಸ್ಕತ್ತಿನ ಕಥೆ ಆಮೇಲೆ ಹೇಳುತ್ತೇನೆ.

ಚಿತ್ರಗಳು ಬೇಕಾಗಿದ್ದು ನನಗಲ್ಲ, ತಂಗಿಯ ಮಗನಿಗೆ. ಶ್ರೀರಂಗಪಟ್ಟಣದಲ್ಲಿ ಅವನದೊಂದು ಸಣ್ಣ ಹೋಟೆಲ್ ಇದೆ. ಬೆಳಿಗ್ಗೆ ಇಡ್ಲಿ, ವಡೆ, ಮಧ್ಯಾಹ್ನ ಮುದ್ದೆಯೂಟ. ಗೋಡೆಯ ಮೇಲೆ ಮೊದಲು ಗಾಜಿನ ಚೌಕಟ್ಟಿನೊಳಗೆ ಕಾಗದದ ಚಿತ್ರಗಳಿದ್ದವು. ಒಂದು ಕಡೆ ಕಾವೇರಿಯ ತೇವ, ಇನ್ನೊಂದು ಕಡೆ ಅಡುಗೆಮನೆಯ ಹಬೆ. ಎರಡೇ ಮಳೆಗಾಲಕ್ಕೆ ಕಾಗದ ಅಲೆ ಎದ್ದು, ಗಾಜಿಗೆ ಅಂಟಿಕೊಂಡು, ಬೂಷ್ಟು ಹಿಡಿದು ಹೋಯಿತು. "ಮಾವ, ಈಗ ತಗಡಿನ ಮೇಲೆ ಅಚ್ಚು ಹಾಕಿ ಕೊಡುತ್ತಾರಂತೆ, ಒರೆಸಿದರೆ ಸಾಕಂತೆ. ನಮ್ಮೂರಿನ ಯುದ್ಧದ ಚಿತ್ರಗಳು ಬೇಕು. ನೀವೇ ಆರಿಸಿ ಕೊಡಿ" ಎಂದ. ಅಂತರಜಾಲದ ಅಂಗಡಿಯೊಂದರಿಂದ 16×24 ಅಂಗುಲದ ನಾಲ್ಕು ತರಿಸಿದೆ, ಒಂದಕ್ಕೆ 3,850 ರೂಪಾಯಿ. ಅಂಗಡಿಯ ಹೆಸರು ಬೇಡ. ನನಗೆ ಸಿಕ್ಕಿದ ದೋಷಗಳು ಈ ವ್ಯಾಪಾರದಲ್ಲಿ ಯಾರ ಕೈಯಿಂದಲಾದರೂ ಸಿಗಬಹುದಾದವು.

ಮೊದಲು ಕೆಲಸದ ಬಗೆ ಹೇಳಿಬಿಡುತ್ತೇನೆ, ಏಕೆಂದರೆ ಕೊಳ್ಳುವವರಲ್ಲಿ ಬಹಳ ಜನ ಇದನ್ನು ತಗಡಿಗೆ ಬಣ್ಣ ಬಳಿಯುವುದು ಎಂದುಕೊಂಡಿದ್ದಾರೆ. ಅಸಲಿ ಕೆಲಸದಲ್ಲಿ ಶಾಯಿ ಮೊದಲು ಬೀಳುವುದು ಕಾಗದದ ಮೇಲೆ, ಕನ್ನಡಿಯ ಬಿಂಬದಂತೆ ಎಡಬಲ ತಿರುಗಿಸಿ. ಅಲ್ಯೂಮಿನಿಯಂ ತಗಡಿಗೆ ಮೊದಲೇ ಪಾಲಿಮರ್ ಲೇಪ ಕೊಟ್ಟಿರುತ್ತಾರೆ. ಕಾಗದವನ್ನು ಅದರ ಮೇಲೆ ಬೋರಲು ಹಾಕಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಶಾಯಿ ಕರಗದೆ ನೇರವಾಗಿ ಆವಿಯಾಗಿ ಲೇಪದೊಳಗೆ ಇಳಿಯುತ್ತದೆ. ಶಾಲೆಯಲ್ಲಿ ಕರ್ಪೂರ ತೋರಿಸಿ ಉತ್ಪತನ ಎಂದು ಕಲಿಸಿದರಲ್ಲ, ಅದೇ; ಇಂಗ್ಲಿಷಿನಲ್ಲಿ ಸಬ್ಲಿಮೇಷನ್. ಹಾಗಾಗಿ ಉಗುರಿನಿಂದ ಕೆರೆದರೆ ಬಣ್ಣ ಏಳುವುದಿಲ್ಲ. ಬಣ್ಣ ಮೇಲೆ ಇದ್ದರೆ ತಾನೆ ಏಳುವುದು? ಇನ್ನೊಂದು ಮಾತು. ಈ ವಿಧಾನದಲ್ಲಿ ಬಿಳಿ ಶಾಯಿ ಇಲ್ಲ. ಚಿತ್ರದ ಬಿಳುಪೆಲ್ಲ ಲೇಪದ ಬಿಳುಪು. ಬಿಳಿ ಲೇಪದ ಬದಲು ಪಾರದರ್ಶಕ ಲೇಪದ ತಗಡು ತೆಗೆದುಕೊಂಡರೆ ಮೋಡ, ಕುದುರೆ, ಗುಡಾರ, ದೊರೆಯ ಮುಖ, ಎಲ್ಲವೂ ಪಾತ್ರೆಯಂತೆ ಹೊಳೆಯುತ್ತವೆ. ಮೋಟಾರು ಬೈಕಿನ ಚಿತ್ರಕ್ಕೆ ಅದು ಚೆನ್ನ, ಇನ್ನೂರು ವರ್ಷದ ಹಳೆಯ ಚಿತ್ರಕ್ಕೆ ಬೇಡ.

ಹಳೆಯ ಅಚ್ಚಿನ ಚಿತ್ರಗಳನ್ನು ಆಗ ತಾಮ್ರದ ಮೇಲೆ ಉಲ್ಟಾ ಕೊರೆದು, ಕಾಗದದ ಮೇಲೆ ಸರಿಯಾಗಿ ಮೂಡಿಸುತ್ತಿದ್ದರು. ಈಗ ಕಾಗದದ ಮೇಲೆ ಉಲ್ಟಾ ಮೂಡಿಸಿ ಅಲ್ಯೂಮಿನಿಯಂ ಮೇಲೆ ಸರಿ ಮಾಡುತ್ತಿದ್ದಾರೆ. ಪ್ಲೇಟ್ ಮೇಕರನಿಗೆ ಇದನ್ನು ನೋಡಿ ನಗು ಬಂದರೆ ಕ್ಷಮಿಸಬೇಕು.

ನಾಲ್ಕರಲ್ಲಿ ಗೆದ್ದದ್ದು ಜೇಮ್ಸ್ ಹಂಟರ್ ಬರೆದ, ಬೆಂಗಳೂರಿನ ಟಿಪ್ಪು ಅರಮನೆಯ ಮುಂದಿನ ಅಂಗಳದ ಚಿತ್ರ. ಹಂಟರ್ ಬ್ರಿಟಿಷ್ ಫಿರಂಗಿ ದಳದ ಲೆಫ್ಟಿನೆಂಟ್. ಮೂರನೆಯ ಮೈಸೂರು ಯುದ್ಧದ ಹೊತ್ತಿನಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯದೊಂದಿಗೆ ಇಲ್ಲಿ ತಿರುಗಾಡಿ ಚಿತ್ರ ಬರೆದುಕೊಂಡ, 1792ರಲ್ಲಿ ತೀರಿಕೊಂಡ. ಅವನ ಚಿತ್ರಗಳನ್ನು ಲಂಡನ್ನಿನ ಎಡ್ವರ್ಡ್ ಓರ್ಮ್ ಅಚ್ಚು ಹಾಕಿಸಿದ್ದು 1804-05ರ ಸುಮಾರಿಗೆ. ಎಂದರೆ ತನ್ನ ಪುಸ್ತಕವನ್ನು ಹಂಟರ್ ನೋಡಲೇ ಇಲ್ಲ. ಕೋಟೆಯನ್ನು ಸೈನ್ಯ ನುಗ್ಗಿ ಹಿಡಿದದ್ದು 1791ರ ಮಾರ್ಚ್ 21ರ ರಾತ್ರಿ. ಆದರೆ ಚಿತ್ರದಲ್ಲಿ ಹೊಗೆಯಿಲ್ಲ, ಹೆಣವಿಲ್ಲ. ಗೆದ್ದವನು ಗೆದ್ದ ಊರನ್ನು ನಿಧಾನವಾಗಿ ನೋಡುತ್ತಿದ್ದಾನೆ. ಯುದ್ಧದ ಚಿತ್ರ ಕೇಳಿದರೆ ಅಂಗಳದ ಚಿತ್ರ ಕೊಟ್ಟಿರಲ್ಲ ಎಂದು ತಂಗಿಯ ಮಗ ಗೊಣಗಿದ. ಫಿರಂಗಿ ದಳದವನು ಅರಮನೆಯ ಬಾಗಿಲ ಮುಂದೆ ಕೂತು ಬರೆಯುವಂತಾಯಿತು ಎಂದರೆ ಯುದ್ಧ ಏನಾಯಿತು ಎಂದು ಬೇರೆ ಹೇಳಬೇಕೆ?

ಆ ಜಾಗ ನನಗೆ ಮನೆಯ ಹಿತ್ತಲಿನಷ್ಟು ಪರಿಚಿತ. ಪ್ರೆಸ್ಸಿನಿಂದ ಮಧ್ಯಾಹ್ನ ಬುತ್ತಿ ಹಿಡಿದು ಕೋಟೆ ವೆಂಕಟರಮಣ ದೇವಸ್ಥಾನದ ಕಡೆಗೆ ನಡೆದರೆ ಪಕ್ಕದಲ್ಲೇ ಅರಮನೆ. ಹೈದರ್ ಅಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ತೇಗದ ಕಂಬಗಳ ಆ ಕಟ್ಟಡದ ಮುಂದೆ ಈಗ ಆಲ್ಬರ್ಟ್ ವಿಕ್ಟರ್ ರಸ್ತೆಯ ಬಸ್ಸು, ಆಟೋಗಳ ಗದ್ದಲ. ಹಂಟರನ ಅಂಗಳದಲ್ಲಿ ಮನುಷ್ಯರು ಅಲ್ಲೊಬ್ಬರು ಇಲ್ಲೊಬ್ಬರು. ಅಷ್ಟೊಂದು ಖಾಲಿ ಜಾಗವನ್ನು ಕಂಡು ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಇದನ್ನೆಲ್ಲ ಯಾರು ಸೈಟು ಮಾಡಿ ಮಾರಿದರು?"

ಈ ತಗಡಿನ ಮೇಲೆ ಲೂಪ್ ಇಟ್ಟೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಜೇಬಿನಲ್ಲಿ ಹಿಡಿಯುವ ನನ್ನ ಹಳೆಯ ಭೂತಗನ್ನಡಿ ಅದು. ಆಕಾಶದ ಮೇಲೆ ಇಟ್ಟೊಡನೆ ಸಂತೋಷವಾಯಿತು. ಮೂಲ ಅಚ್ಚು ಅಕ್ವಾಟಿಂಟ್. ತಾಮ್ರದ ಪ್ಲೇಟಿನ ಮೇಲೆ ರಾಳದ ನುಣ್ಣನೆ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಿದ್ದರು. ಪುಡಿಯ ಕಣ ಇದ್ದಲ್ಲಿ ಆಮ್ಲ ಕಚ್ಚುವುದಿಲ್ಲ, ಸಂದಿನಲ್ಲಿ ಕಚ್ಚುತ್ತದೆ. ಹಾಗಾಗಿ ಆಕಾಶದ ತುಂಬ ಒಣಗಿದ ಕೆರೆಯ ಬಿರುಕಿನಂತಹ ಸಣ್ಣ ಬಲೆ ಮೂಡುತ್ತದೆ. ಎರಡು ಅಡಿ ದೂರದಿಂದ ನೋಡಿದರೆ ಅದೇ ಬಲೆ ಮಂಜಿನಂತೆ ಕಾಣುತ್ತದೆ. ಆ ಬಲೆ ಈ ತಗಡಿನಲ್ಲಿ ಉಳಿದಿದೆ. ಎಲ್ಲ ಕಡೆಯೂ ಅಲ್ಲ, ಮೋಡದ ಅಂಚಿನಲ್ಲಿ ಸ್ವಲ್ಪ ಕಲಸಿಕೊಂಡಿದೆ. ಆದರೆ ಅರಮನೆಯ ಮೇಲಿನ ನೀಲಿಯಲ್ಲಿ ಒಂದೊಂದು ಕಣವನ್ನೂ ಎಣಿಸಬಹುದು. ಬಣ್ಣ ಬಲೆಯ ಗೆರೆ ದಾಟಿ ಅತ್ತಿತ್ತ ಚೆಲ್ಲಿರುವುದೂ ಕಾಣುತ್ತದೆ. ಆಗ ಬಣ್ಣವನ್ನು ಅಚ್ಚಾದ ಮೇಲೆ ಕೈಯಿಂದ ಹಾಕುತ್ತಿದ್ದರು. ಬೆಂಗಳೂರಿನ ಬಿಸಿಲನ್ನು ಎಂದೂ ಕಾಣದ ಲಂಡನ್ನಿನ ಯಾರೋ ಒಬ್ಬರು ಆ ನೀಲಿಯನ್ನು ಎಳೆದಿದ್ದಾರೆ, ಕುಂಚ ಗೋಪುರದ ತುದಿಗೆ ತಾಗಿ ಅಲ್ಲೊಂದು ಹನಿ ನಿಂತಿದೆ. ಒಳ್ಳೆಯ ಕಂಪ್ಯೂಟರ್ ಕಡತದಿಂದ ಮಾಡಿದ ಅಚ್ಚು ಎನ್ನಲು ನನಗೆ ಆ ಹನಿ ಸಾಕು. ಮೇಲ್ಮೈ ಮ್ಯಾಟ್ ಆಗಿರುವುದರಿಂದ ಟ್ಯೂಬ್‌ಲೈಟ್ ಇದರ ಮೇಲೆ ಬಿದ್ದು ಮುಖ ತೋರಿಸುವುದಿಲ್ಲ.

ಎರಡನೆಯದು ಕರ್ನಲ್ ಮೂರ್‌ಹೌಸ್‌ನ ಸಾವು. ಚಿತ್ರಕಾರ ರಾಬರ್ಟ್ ಹೋಮ್. ಇವನೂ ಮೂರನೆಯ ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಇದ್ದವನು, ಮುಂದೆ ಔಧ್‌ನ ನವಾಬರ ಆಸ್ಥಾನ ಸೇರಿ 1834ರಲ್ಲಿ ಕಾನ್ಪುರದಲ್ಲಿ ಸತ್ತ. ಬೆಂಗಳೂರಿನ ಪೇಟೆಯನ್ನು ಮುತ್ತಿದ 1791ರ ಮಾರ್ಚ್ 7ರಂದು ಪೇಟೆಯ ಬಾಗಿಲಲ್ಲಿ ಸತ್ತ ಅಧಿಕಾರಿ ಮೂರ್‌ಹೌಸ್. ನಡುವೆ ಬೀಳುತ್ತಿರುವ ವೀರ, ಸುತ್ತ ಅವನನ್ನು ಆತುಕೊಂಡವರು. ಕೆನಡಾದ ಕ್ವಿಬೆಕ್‌ನಲ್ಲಿ ಜನರಲ್ ವುಲ್ಫ್ ಸತ್ತದ್ದನ್ನು ಬೆಂಜಮಿನ್ ವೆಸ್ಟ್ ಎಂಬ ಕಲಾವಿದ 1770ರಲ್ಲಿ ಹೀಗೆ ಬರೆದು ಹೆಸರು ಮಾಡಿದ್ದ. ಅಲ್ಲಿಂದ ಮುಂದೆ ಬ್ರಿಟಿಷ್ ಅಧಿಕಾರಿಗಳು ಜಗತ್ತಿನ ಯಾವ ಮೂಲೆಯಲ್ಲಿ ಸತ್ತರೂ ಚಿತ್ರದಲ್ಲಿ ಒಂದೇ ಭಂಗಿಯಲ್ಲಿ ಸಾಯತೊಡಗಿದರು.

ಅಚ್ಚಿನ ಕೆಲಸದಲ್ಲಿ ತಪ್ಪು ಹುಡುಕಲಾರೆ. ಕೆಂಪು ಕೋಟುಗಳ ಕೆಂಪು ಗಟ್ಟಿಯಾಗಿದೆ, ಕಪ್ಪು ಕಪ್ಪಾಗಿಯೇ ಇದೆ. ತೊಂದರೆ ಇರುವುದು ಹೊಳಪಿನಲ್ಲಿ. ನಾನು ಮ್ಯಾಟ್ ಎಂದು ಬರೆದಿದ್ದೆ, ಬಂದದ್ದು ಗ್ಲಾಸಿ. ಹೋಟೆಲಿನ ಗೋಡೆಗೆ ಹಿಡಿದು ನೋಡಿದರೆ ಎದುರಿನ ಟ್ಯೂಬ್‌ಲೈಟ್ ಸರಿಯಾಗಿ ಸಾಯುತ್ತಿರುವವನ ಮುಖದ ಮೇಲೆ ಬಂದು ಕೂತಿತು. ಅದರ ಕೆಳಗೆ ಫಿಲ್ಟರ್ ಕಾಫಿಯ ದರಪಟ್ಟಿ ತಿರುಗುಮುರುಗಾಗಿ ಕಾಣುತ್ತಿತ್ತು. ಇಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ಅಂಗಡಿಯವರು ತಮ್ಮದೇ ಬುದ್ಧಿಯಿಂದ ಚಿತ್ರದ ಬುಡಕ್ಕೆ ಬಳುಕುವ ಅಕ್ಷರಗಳಲ್ಲಿ ಒಂದು ಸಾಲು ಸೇರಿಸಿದ್ದರು: ಶ್ರೀರಂಗಪಟ್ಟಣದ ಪತನ, 1799. ಊರು ತಪ್ಪು, ಯುದ್ಧ ತಪ್ಪು, ವರ್ಷ ಎಂಟು ತಪ್ಪು. ಅವರ ತಾಣದಲ್ಲಿ ತೋರಿಸಿದ ಮಾದರಿಯಲ್ಲಿ ಈ ಸಾಲು ಇರಲಿಲ್ಲ. ಶ್ರೀರಂಗಪಟ್ಟಣದಲ್ಲೇ ಹೋಟೆಲ್ ಇಟ್ಟವನು ಇದನ್ನು ಗೋಡೆಗೆ ಹಾಕಿದರೆ ಊರಿನ ಗೈಡುಗಳು ಕಾಫಿಗೆ ಬಂದಾಗಲೆಲ್ಲ ಕಾಲೆಳೆಯುವುದು ಖಚಿತ.

ಮೂರನೆಯದರ ಮೇಲೆ ನನಗೆ ಇದ್ದ ಆಸೆ ದೊಡ್ಡದು, ಆದ ನಿರಾಸೆಯೂ ದೊಡ್ಡದು. ಅದೂ ಹೋಮ್‌ನದೇ. ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಳುಗಳಾಗಿ ಬರಮಾಡಿಕೊಳ್ಳುವ ದೃಶ್ಯ, 1792ರ ಫೆಬ್ರವರಿ. ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕಟ್ಟಬೇಕಾಯಿತು. ಅದರ ಖಾತರಿಗಾಗಿ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಎಳೆಯ ಹುಡುಗರಿಬ್ಬರು ಶತ್ರುವಿನ ಗುಡಾರಕ್ಕೆ ಹೋದರು. ಈ ಒಂದು ದೃಶ್ಯವನ್ನು ಲಂಡನ್ನಿನಲ್ಲಿ ಎಷ್ಟು ಜನ ಚಿತ್ರಿಸಿದರೋ. ಮ್ಯಾದರ್ ಬ್ರೌನ್, ಸಿಂಗಲ್ಟನ್ ಮುಂತಾದವರು ಊರಲ್ಲೇ ಕೂತು ಊಹೆಯಿಂದ ಬರೆದರು. ಹೋಮ್ ಮಾತ್ರ ಇಲ್ಲಿದ್ದವನು. ಅದಕ್ಕೆ ಸಾಕ್ಷಿಯಾಗಿ ಚಿತ್ರದ ಎಡ ತುದಿಯಲ್ಲಿ, ಕಂಕುಳಲ್ಲಿ ಚಿತ್ರಗಳ ಕಟ್ಟು ಇರುಕಿಕೊಂಡು ನಿಂತ ತನ್ನನ್ನೂ ಬರೆದುಕೊಂಡಿದ್ದಾನೆ. ಮದುವೆ ಫೋಟೋದಲ್ಲಿ ಫೋಟೋಗ್ರಾಫರ್ ಬಂದು ನಿಂತ ಹಾಗೆ.

ತಗಡಿನಲ್ಲಿ ಅವನಿಲ್ಲ. ಮೂಲ ಚಿತ್ರದ ಅಳತೆ ಒಂದು, 16×24ರ ಅಳತೆ ಇನ್ನೊಂದು. ಎರಡನ್ನೂ ಹೊಂದಿಸಲು ಅಂಗಡಿಯವರ ಕಂಪ್ಯೂಟರ್ ಎರಡು ಬದಿಯನ್ನೂ ಕತ್ತರಿಸಿದೆ, ಎಡಗಡೆ ಕತ್ತರಿ ಬಿದ್ದದ್ದು ಚಿತ್ರಕಾರನ ಮೇಲೆ. ಲೂಪ್ ಇಟ್ಟಾಗ ಇನ್ನೊಂದು ಸಂಗತಿ ಕಂಡಿತು. ಚಿಕ್ಕ ಹುಡುಗನ ಕೆನ್ನೆಯ ಮೇಲೆ ಸಣ್ಣ ಸಣ್ಣ ಹೂವುಗಳು ಅರಳಿವೆ. ಪ್ರೆಸ್ಸಿನಲ್ಲಿ ದುಡಿದವರಿಗೆ ಈ ಹೂವು ಹೊಸತಲ್ಲ, ನಾವು ಅದನ್ನು ರೋಸೆಟ್ ಎನ್ನುತ್ತೇವೆ. ನಾಲ್ಕು ಬಣ್ಣದ ಆಫ್‌ಸೆಟ್ ಅಚ್ಚಿನಲ್ಲಿ ಕಪ್ಪಿನ ಚುಕ್ಕಿಸಾಲು 45 ಡಿಗ್ರಿ, ಕೆಂಪಿನದು 75, ನೀಲಿಯದು 15, ಹಳದಿಯದು ಸೊನ್ನೆ ಡಿಗ್ರಿಗೆ ಓರೆಯಾಗಿ ಕೂರುತ್ತವೆ. ಎಲ್ಲ ಸೇರಿದಾಗ ಹೂವಿನ ಆಕಾರ ಕಟ್ಟುತ್ತದೆ. ಸಬ್ಲಿಮೇಷನ್ ತಗಡಿನಲ್ಲಿ ಈ ಹೂವು ಬರಲು ಕಾರಣವೇ ಇಲ್ಲ, ಇಂಕ್‌ಜೆಟ್ಟಿನ ಚುಕ್ಕಿ ಹೀಗೆ ಕೂರುವುದಿಲ್ಲ. ಬಂದಿದೆ ಎಂದರೆ ಯಾವುದೋ ಪುಸ್ತಕದಲ್ಲಿ ಅಚ್ಚಾದ ಚಿತ್ರವನ್ನು ಸ್ಕ್ಯಾನ್ ಮಾಡಿದ್ದಾರೆ. ಚಿತ್ರಕ್ಕೆ ಹಕ್ಕುಸ್ವಾಮ್ಯ ಮುಗಿದು ಯಾವ ಕಾಲವಾಯಿತೋ, ಪುಸ್ತಕದ ಹಾಳೆಯನ್ನು ಸ್ಕ್ಯಾನರಿಗೆ ಒತ್ತಿದ್ದು ಮಾತ್ರ ನಿನ್ನೆ ಮೊನ್ನೆ. ಗುಡಾರದ ಬಿಳಿ ಬಟ್ಟೆಯ ಮೇಲೆ ಒಂದಕ್ಕೊಂದು ತಾಳೆಯಾಗದ ಚುಕ್ಕಿಗಳು ಸೇರಿ ರೇಷ್ಮೆ ಸೀರೆಯ ನೆರಿಗೆಯಂತಹ ಅಲೆ ಎದ್ದಿದೆ. ಆರು ಅಡಿ ದೂರದಿಂದಲೂ ಕಾಣುತ್ತದೆ, ಅದಕ್ಕೆ ಲೂಪ್ ಬೇಡ.

ಈಗ ಬಿಸ್ಕತ್ತಿನ ಕಥೆ. ನಾಲ್ಕನೆಯದು ಹೆನ್ರಿ ಸಿಂಗಲ್ಟನ್‌ನ ಚಿತ್ರ, ಟಿಪ್ಪುವಿನ ಕೊನೆಯ ಹೋರಾಟ. ತಂಗಿಯ ಮಗ ಹಟ ಹಿಡಿದು ತರಿಸಿದ್ದು. ಇದು ಒಂಟಿ ತಗಡಲ್ಲ, ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇಟ್ಟ ಹಲಗೆ. ಕಟ್ಟಡಗಳ ಮುಖಕ್ಕೆ, ಅಂಗಡಿಗಳ ಫಲಕಕ್ಕೆ ಬಳಸುತ್ತಾರಲ್ಲ, ಅದೇ ಎಸಿಪಿ. ಇದರ ಮೇಲೆ ಶಾಯಿಯನ್ನು ನೇರವಾಗಿ ಸಿಂಪಡಿಸಿ ಯುವಿ ಬೆಳಕಿನಲ್ಲಿ ಒಣಗಿಸುತ್ತಾರೆ. ಅದೇನೂ ಕೆಟ್ಟ ವಿಧಾನವಲ್ಲ, ಹಲಗೆ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಆದರೆ ಬಣ್ಣ ಮೇಲೆಯೇ ಕೂತಿರುತ್ತದೆ, ಬೆರಳಿಗೆ ಸಣ್ಣ ಒರಟು ತಾಗುತ್ತದೆ. ದಿನಾ ಸೋಪಿನ ಬಟ್ಟೆಯಲ್ಲಿ ಒರೆಸುವ ಹೋಟೆಲಿಗೆ ಹೊಂದುವ ಸರಕಲ್ಲ. ಆಗಲೇ ಒಂದು ಮೂಲೆಯಲ್ಲಿ ಉಗುರಿನಷ್ಟು ಬಣ್ಣ ಚಕ್ಕೆ ಎದ್ದಿತ್ತು. ನಾಲ್ಕಕ್ಕೂ ಒಂದೇ ದರ ತೆಗೆದುಕೊಂಡು ಒಂದಕ್ಕೆ ಬೇರೆ ಸರಕು ಕೊಡುವುದಕ್ಕೆ ನಮ್ಮ ಪೇಟೆಯಲ್ಲಿ ಬೇರೆ ಹೆಸರಿದೆ.

ಚಿತ್ರವನ್ನು ಕೆಡಿಸಿದ್ದು ಹಲಗೆಗಿಂತ ಹೆಚ್ಚಾಗಿ ಸಾಫ್ಟ್‌ವೇರ್. ಸಣ್ಣ ಕಡತವನ್ನು ದೊಡ್ಡದು ಮಾಡುವಾಗ ಕಂಪ್ಯೂಟರ್ ಇಲ್ಲದ್ದನ್ನು ತಾನೇ ಊಹಿಸಿ ತುಂಬಿದೆ. ಹಳೆಯ ಅಚ್ಚಿನ ಚುಕ್ಕಿಗಳನ್ನು ಅದು ಕೊಳೆ ಎಂದು ತಿಳಿದು ತೊಳೆದುಬಿಟ್ಟಿದೆ. ಹೊಗೆ ಇದ್ದಲ್ಲಿ ಹತ್ತಿ, ಚರ್ಮ ಇದ್ದಲ್ಲಿ ಮೇಣ. ಹಿಂದಿನ ಸಾಲಿನ ಸಿಪಾಯಿಯೊಬ್ಬನಿಗೆ ಎರಡೂ ಕಣ್ಣು ಒಂದೇ ಕಡೆ ಬಂದಿವೆ. ಅವನ ಪಕ್ಕದವನ ಬಂದೂಕಿನ ನಳಿಗೆ ಅರ್ಧ ದಾರಿಯಲ್ಲಿ ಕರಗಿ ಯಾರದೋ ತೋಳಾಗಿ ಮುಂದುವರಿದಿದೆ. ಸಿಂಗಲ್ಟನ್ ಭಾರತಕ್ಕೆ ಕಾಲಿಟ್ಟವನಲ್ಲ. 1799ರ ಮೇ 4ರಂದು ಆದದ್ದನ್ನು ಲಂಡನ್ನಿನಲ್ಲಿ ಕೇಳಿ, ಓದಿ ಊಹಿಸಿ ಬರೆದ. ಅವನ ಊಹೆಯ ಮೇಲೆ ಈಗ ಯಂತ್ರದ ಊಹೆ. ಹೋಟೆಲಿನಿಂದ ನಡೆದು ಹೋಗಬಹುದಾದ ದೂರದಲ್ಲಿ ಟಿಪ್ಪುವಿನ ದೇಹ ಸಿಕ್ಕ ಜಾಗ ಇದೆ, ಗುರುತಿನ ಕಲ್ಲು ಇದೆ. ಅಲ್ಲಿ ನಿಂತು ನೋಡಿದವನಿಗೆ ಈ ಚಿತ್ರದ ಕಮಾನುಗಳು ನಾಟಕದ ಪರದೆಯಂತೆ ಕಾಣುತ್ತವೆ.

ಆ ಕಾಲದ ಲಂಡನ್ನಿಗೆ ಇದು ನಾಟಕವೇ ಆಗಿತ್ತು ಅನ್ನಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತಮೂರರ ಆಸುಪಾಸಿನ ಯುವಕ ನೂರಡಿಗೂ ಉದ್ದದ ಮುತ್ತಿಗೆಯ ಚಿತ್ರ ಬರೆದು ಲೈಸಿಯಂ ಎಂಬಲ್ಲಿ ತೂಗುಹಾಕಿದ. ಜನ ದುಡ್ಡು ಕೊಟ್ಟು ನೋಡಿದರು. ಅವನೂ ಇಲ್ಲಿಗೆ ಬಂದವನಲ್ಲ. ಆ ಚಿತ್ರ ಈಗಿಲ್ಲ, ಅದರಿಂದ ವೆಂದ್ರಾಮಿನಿ ಎಂಬವನು ಮಾಡಿದ ಅಚ್ಚುಗಳು ಉಳಿದಿವೆ. ಅದೂ ಈ ಅಂಗಡಿಯ ಪಟ್ಟಿಯಲ್ಲಿತ್ತು, ಮೂರು ತುಂಡಾಗಿ ಹನ್ನೊಂದು ಸಾವಿರ ಚಿಲ್ಲರೆಗೆ. ಕೊಳ್ಳಲಿಲ್ಲ.

ಪಟ್ಟಿಯಲ್ಲಿ ಇಲ್ಲದ್ದನ್ನೂ ಹೇಳಬೇಕು. ಶ್ರೀರಂಗಪಟ್ಟಣದಲ್ಲೇ ಇರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ ಇದೆ. ಹೈದರ್, ಟಿಪ್ಪು ಸೇರಿ ಕರ್ನಲ್ ಬೇಲಿಯ ದಂಡನ್ನು ಮುರಿದ ಯುದ್ಧ. ಚೌಕ ಕಟ್ಟಿ ನಿಂತ ಕೆಂಪಂಗಿಯವರು, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತಿರುವ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಶ್ರೀರಂಗಪಟ್ಟಣದ ಮೇಲೆ 1799ರಲ್ಲಿ ದಾಳಿ ನಡೆಸಿದ ಡೇವಿಡ್ ಬೇರ್ಡ್ ಆ ಯುದ್ಧದಲ್ಲೇ ಸೆರೆಸಿಕ್ಕು ಇದೇ ಊರಿನಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕೈದಿಯಾಗಿದ್ದ. ಇತ್ತಣದವರು ಬರೆಸಿದ ಯುದ್ಧದ ಚಿತ್ರ ಕಣ್ಣೆದುರೇ ಇದ್ದರೂ ತಗಡಿನ ಅಂಗಡಿಯಲ್ಲಿ ಅದಿಲ್ಲ. ಆಗ ಒಳಗೆ ಫೋಟೋ ತೆಗೆಯಲು ಬಿಡುತ್ತಿರಲಿಲ್ಲವಾದ್ದರಿಂದ ನಾನೇ ಹೋಗಿ ತೆಗೆದು ತರುವ ಹಾಗೂ ಇರಲಿಲ್ಲ. ಹೋಟೆಲಿನ ಗಲ್ಲಾದ ಹತ್ತಿರ ಒಂದು ಸಾಲು ಬರೆದು ಹಾಕು, ಪೊಳ್ಳಿಲೂರು ನೋಡಬೇಕಾದವರು ದರಿಯಾ ದೌಲತ್‌ಗೆ ಹೋಗಿ ಎಂದು, ಎಂದೆ. ಬರೆದು ಹಾಕಿದ್ದಾನೆ.

ದೂರು ಕೊಟ್ಟ ಕಥೆ ಚಿಕ್ಕದು. ಫೋನಿನಲ್ಲಿ ಸಿಕ್ಕ ಹೆಣ್ಣುಮಗಳು ಮರ್ಯಾದೆಯಿಂದ ಮಾತನಾಡಿದರು. "ಸರ್, ರೋಸೆಟ್ ಎಂದರೆ ಏನು?" ಎಂದು ಕೇಳಿದ್ದೇ ತಪ್ಪಾಯಿತು, ಇಪ್ಪತ್ತು ನಿಮಿಷ ಹೇಳಿದೆ. ಪಾಪ, ಕೇಳಿದರು. ಎಸಿಪಿ ಹಲಗೆಯನ್ನು ವಾಪಸು ತೆಗೆದುಕೊಂಡು ಪೂರ್ತಿ ಹಣ ಕೊಟ್ಟರು. ಮೂರ್‌ಹೌಸ್‌ಗೆ ತಪ್ಪು ಸಾಲು ತೆಗೆದು, ಮ್ಯಾಟ್ ತಗಡಿನಲ್ಲಿ ಹೊಸ ಅಚ್ಚು ಹಾಕಿ ಹತ್ತೇ ದಿನದಲ್ಲಿ ಕಳುಹಿಸಿದರು. ಅದು ಈಗ ಮುಖ ತೊಳೆದುಕೊಂಡ ಹಾಗೆ ಲಕ್ಷಣವಾಗಿದೆ. ಒತ್ತೆಯಾಳುಗಳಿಗೆ ಮಾತ್ರ ಪರಿಹಾರವಿಲ್ಲ. ಬರಿಗಣ್ಣಿಗೆ ಕಾಣದ ದೋಷಕ್ಕೆ ಹಣ ಕೊಡುವ ನಿಯಮವಿಲ್ಲವಂತೆ. ಗುಡಾರದ ಮೇಲಿನ ಅಲೆ ಬರಿಗಣ್ಣಿಗೇ ಕಾಣುತ್ತದೆ ಎಂದರೆ, ಅದು ಬಟ್ಟೆಯ ನೆರಿಗೆಯಿರಬಹುದು ಎಂದರು. ಅಂಚು ಕತ್ತರಿಸುವ ವಿಷಯ ಷರತ್ತಿನಲ್ಲಿ ಬರೆದಿದೆಯಂತೆ. ಓದಿದೆ, ಬರೆದಿತ್ತು. ಅದಕ್ಕೆ ಮಾತ್ರ ಲೂಪ್ ಬೇಕಾಯಿತು.

ಹಾಗಾಗಿ ಆ ಒಂದನ್ನು ನಾನೇ ಮಾಡಿಸಿದೆ. ಸುಲ್ತಾನ್‌ಪೇಟೆಯಲ್ಲಿ ನಮ್ಮ ಹಳೆಯ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ಒಬ್ಬ ಹುಡುಗ ಹೀಟ್ ಪ್ರೆಸ್ ಇಟ್ಟಿದ್ದಾನೆ. ಕಾಫಿ ಮಗ್ಗು, ಶಾಲೆಯ ಪದಕ, ಮನೆಯ ನಾಮಫಲಕ ಅವನ ದಿನದ ಕೆಲಸ. ಮೂಲ ವರ್ಣಚಿತ್ರದ ದೊಡ್ಡ ಕಡತವೊಂದು ಅಂತರಜಾಲದಲ್ಲಿ ಸಿಕ್ಕಿತು. ಒಂದು ಅಂಗುಲಕ್ಕೆ ಇನ್ನೂರು ಬಿಂದುಗಳಾದರೂ ಸಿಗಬೇಕು, ಎಂದರೆ 24 ಅಂಗುಲದ ಬದಿಗೆ 4,800; ಇದರಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಯೇಲ್‌ನ ಬ್ರಿಟಿಷ್ ಕಲಾ ಕೇಂದ್ರದಂತಹ ಸಂಗ್ರಹಾಲಯಗಳು ಹಕ್ಕು ಮುಗಿದ ಹಳೆಯ ಚಿತ್ರಗಳ ಕಡತಗಳನ್ನು ಉಚಿತವಾಗಿಯೇ ಕೊಡುತ್ತವೆ, ಕೊಳ್ಳುವ ಮೊದಲು ಅಲ್ಲಿ ಒಮ್ಮೆ ಹುಡುಕುವುದು ಒಳ್ಳೆಯದು. ಚಿತ್ರವನ್ನು ತಗಡಿಗೆ ಹೊಂದಿಸಬೇಡ, ತಗಡನ್ನು ಚಿತ್ರಕ್ಕೆ ಕತ್ತರಿಸು ಎಂದೆ ಹುಡುಗನಿಗೆ. "ಸರ್, ಮೂಲೆ ದುಂಡಗೆ ಮಾಡಲೇ?" ಎಂದ. ಬೇಡ ಎಂದೆ.

ಮೊದಲನೆಯದು ಕೆಟ್ಟಿತು. ಪ್ರೆಸ್ ಎತ್ತುವಾಗ ಕಾಗದ ಒಂದು ಕೂದಲೆಳೆ ಜರುಗಿ, ಆನೆಗಳಿಗೆಲ್ಲ ನೆರಳಿನಂತೆ ಇನ್ನೊಂದು ಆನೆ ಮೂಡಿತು. ನಮ್ಮ ಕಾಲದಲ್ಲಿ ರಿಜಿಸ್ಟ್ರೇಷನ್, ಎಂದರೆ ಒಂದರ ಮೇಲೊಂದು ಬಣ್ಣ ಕೂರುವ ಹೊಂದಿಕೆ, ತಪ್ಪಿದರೆ ಮಾಲೀಕರು ಬೈಯುತ್ತಿದ್ದ ಬೈಗುಳ ಬಾಯಿಗೆ ಬಂತು, ನುಂಗಿಕೊಂಡೆ. ಎರಡನೆಯದಕ್ಕೆ ನಾಲ್ಕೂ ಕಡೆ ಶಾಖ ತಡೆಯುವ ಟೇಪು ಹಾಕಿದ. ಪ್ರೆಸ್ ಎತ್ತಿದ, ತಗಡು ಆರುವವರೆಗೆ ಇಬ್ಬರೂ ಸುಮ್ಮನೆ ನಿಂತೆವು, ಕಾಗದ ಸುಲಿದ. ಹುಡುಗನ ಕೆನ್ನೆಯ ಮೇಲೆ ಹೂವಿಲ್ಲ. ಲೂಪಿನಡಿಯಲ್ಲಿ ಹಳೆಯ ಬಣ್ಣದ ಸಣ್ಣ ಬಿರುಕುಗಳು ಕಂಡವು. ಕೆಟ್ಟ ತಗಡಿನ ಅರ್ಧ ಬೆಲೆಯನ್ನೂ ಸೇರಿಸಿ 2,900 ರೂಪಾಯಿ ಕೊಟ್ಟೆ.

ಕೊಳ್ಳುವವರು ಕೇಳಬೇಕಾದ್ದು ಮೂರೇ: ಒಂಟಿ ತಗಡೇ ಎಸಿಪಿಯೇ, ಮ್ಯಾಟೇ ಗ್ಲಾಸಿಯೇ, ಅಂಚು ಎಷ್ಟು ಕತ್ತರಿಸುತ್ತೀರಿ. ಕಣಕಣವಾಗಿ ಮೂಡಿದ ಅಕ್ವಾಟಿಂಟ್ ತಗಡಿನ ಮೇಲೆ ಕಾಗದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ, ಈ ಮಾತನ್ನು ನಾನು ಹೇಳುತ್ತೇನೆಂದು ನಾನೇ ಅಂದುಕೊಂಡಿರಲಿಲ್ಲ. ಎಣ್ಣೆಬಣ್ಣದ ಚಿತ್ರಗಳು ಕಡತ ಎಷ್ಟು ಒಳ್ಳೆಯದೋ ಅಷ್ಟೇ. ಗೋಡೆಗೆ ಕೂರಿಸಲು ಬೆನ್ನಿಗೆ ಮರದ ಪಟ್ಟಿ ಅಂಟಿಸಿಕೊಟ್ಟಿದ್ದರು, ತಗಡು ಗೋಡೆಯಿಂದ ಅರ್ಧ ಅಂಗುಲ ಮುಂದೆ ನಿಲ್ಲುತ್ತದೆ. ತೇವದ ಗೋಡೆಗೆ ಈ ಸಂದು ಇರಲೇಬೇಕು.

ಟಿಪ್ಪು ವಿಷಯಕ್ಕೆ ಯಾರಾದರೂ ತಕರಾರು ತೆಗೆದಾರು ಎಂಬ ಹೆದರಿಕೆ ತಂಗಿಯ ಮಗನಿಗೆ ಇತ್ತು. ಹಾಕಿದರೆ ಒಬ್ಬರಿಗೆ ಸಿಟ್ಟು, ತೆಗೆದರೆ ಇನ್ನೊಬ್ಬರಿಗೆ ಸಿಟ್ಟು ಎಂದ. ಸಾಂಬಾರಿಗೆ ಉಪ್ಪು ಸರಿಯಿದ್ದರೆ ಗೋಡೆಯನ್ನು ಯಾರೂ ನೋಡುವುದಿಲ್ಲ ಎಂದು ಸಮಾಧಾನ ಮಾಡಿದೆ. ತಗಡುಗಳು ಗೋಡೆ ಸೇರಿ ಏಳು ತಿಂಗಳಾದವು. ಮಳೆಗಾಲ ಕಳೆಯಿತು, ಒಂದೂ ಅಲೆ ಎದ್ದಿಲ್ಲ. ಹಂಟರನ ಅಂಗಳ ಕೈ ತೊಳೆಯುವ ತೊಟ್ಟಿಯ ಮೇಲಿದೆ, ಅದರ ಮೇಲೆ ಬಿದ್ದ ಸಾಂಬಾರಿನ ಹನಿಗಳೆಷ್ಟೋ, ಒರೆಸಿದರೆ ಹೋಗಿವೆ.

ಕಳೆದ ವಾರ ಹೋದಾಗ ಸಪ್ಲೈಯರ್ ಹುಡುಗ ಒತ್ತೆಯಾಳುಗಳ ತಗಡನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಎಡ ತುದಿಗೆ ಬಂದಾಗ ಕೈ ನಿಲ್ಲಿಸಿ, ಕಂಕುಳಲ್ಲಿ ಕಟ್ಟು ಹಿಡಿದವನನ್ನು ತೋರಿಸಿ ಕೇಳಿದ: "ಸರ್, ಇಷ್ಟು ಜನರ ನಡುವೆ ಇವನೊಬ್ಬ ಆರ್ಡರ್ ತೆಗೆದುಕೊಳ್ಳಲು ಬಂದವನ ಹಾಗೆ ನಿಂತಿದ್ದಾನಲ್ಲ, ಯಾರಿವನು?"